ಕಾಫಿ ಸೀಮೆಯ ಮಳೆನಕ್ಷತ್ರಗಳು

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಹಬ್ಬ, ದಾನಗಳಿಗೆ ಚಂದ್ರನ ತಿಥಿಯನ್ನೂ ಬೇಸಾಯಕ್ಕೆ ಸೂರ್ಯನ ನಕ್ಷತ್ರವನ್ನೂ ಆಧರಿಸಿದ ಎರಡು ಕಾಲಗಣನೆಗಳು ಒಟ್ಟಿಗೆ ನಡೆದುಬಂದಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ವಿಸ್ತರಿಸಿದ ಕಾಫಿ ತೋಟಗಳು ಇವುಗಳ ಜೊತೆಗೆ ಇಂಗ್ಲಿಷ್ ತಾರೀಖನ್ನೂ ಇಂಚಿನ ಅಳತೆಯನ್ನೂ ತಂದವು.

ಮೊದಲನೆಯ ಗಣನೆ ಶಾಸನಗಳದ್ದು. ಕಳಸ-ಕಾರ್ಕಳ ಅರಸು ಮನೆತನದ ವೀರಪಾಂಡ್ಯನು ಕಾರ್ಕಳದಲ್ಲಿ ಬಾಹುಬಲಿಯನ್ನು ಪ್ರತಿಷ್ಠಾಪಿಸಿದ ದಿನವನ್ನು ಅಲ್ಲಿಯ ಶಾಸನವು ಶಕ 1353, ವಿರೋಧಿಕೃತ್ ಸಂವತ್ಸರ, ಫಾಲ್ಗುಣ ಶುದ್ಧ ದ್ವಾದಶಿ, ಬುಧವಾರವೆಂದು ಗುರುತಿಸುತ್ತದೆ; ಇದು 1432ರ ಫೆಬ್ರವರಿ 13ಕ್ಕೆ ಸರಿಹೊಂದುತ್ತದೆ. ಇಲ್ಲಿ ಶಕವರ್ಷವು ನಿರಂತರ ಎಣಿಕೆ, ಸಂವತ್ಸರವು 60 ವರ್ಷಗಳಿಗೊಮ್ಮೆ ಮರಳುವ ಹೆಸರು, ತಿಥಿಯು ಚಂದ್ರನ ವೃದ್ಧಿಕ್ಷಯಗಳ ಅಳತೆ. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನಗಳಷ್ಟೇ ಆಗುವುದರಿಂದ, ಎರಡು ಮೂರು ವರ್ಷಗಳಿಗೊಮ್ಮೆ ಅಧಿಕಮಾಸ ಸೇರಿದರೂ ಯುಗಾದಿಯು ಮಾರ್ಚ್, ಏಪ್ರಿಲ್‌ಗಳ ನಡುವೆ ಹಿಂದುಮುಂದಾಗುತ್ತದೆ.

ಬಿತ್ತನೆಗೆ ಇಂಥ ಅಲುಗಾಟ ಒಗ್ಗದು. ಆದ್ದರಿಂದ ರೈತರು ಸೂರ್ಯಪಥದ 27 ನಕ್ಷತ್ರಭಾಗಗಳನ್ನು ಹಿಡಿದರು. ಸೂರ್ಯನು ಒಂದೊಂದರಲ್ಲಿ ಹದಿಮೂರು ಹದಿನಾಲ್ಕು ದಿನ ಇರುವನು, ಆ ಅವಧಿಯೇ ಆ ಹೆಸರಿನ ‘ಮಳೆ’. ಹನಿ ಬೀಳದಿದ್ದರೂ ರೋಹಿಣಿ ಮಳೆ ಬಂದು ಹೋಗುತ್ತದೆ. ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ, ಜೂನ್ 8ರ ಸುಮಾರಿಗೆ ಮೃಗಶಿರ, ಜೂನ್ 22ರ ಸುಮಾರಿಗೆ ಆರಿದ್ರೆ ಹುಟ್ಟುತ್ತವೆ. ಪುನರ್ವಸು, ಪುಷ್ಯಗಳು ಭತ್ತದ ನಾಟಿಯ ದಿನಗಳು. ಅಕ್ಟೋಬರ್ ಕೊನೆಯ ಸ್ವಾತಿಯ ಹೊತ್ತಿಗೆ ಮುಂಗಾರು ಹಿಂದೆ ಸರಿದಿರುತ್ತದೆ.

ಕಾಫಿಯು ಈ ಪಟ್ಟಿಗೆ ಹೊಸ ಅರ್ಥ ಕೊಟ್ಟಿತು. ಭತ್ತದ ಗದ್ದೆಗೆ ಅಷ್ಟೇನೂ ಮುಖ್ಯವಲ್ಲದ ರೇವತಿ, ಅಶ್ವಿನಿಗಳ ಬೇಸಿಗೆ ಮಳೆಯೇ ಅರೇಬಿಕಾ ಗಿಡಕ್ಕೆ ಹೂಮಳೆ. ಸುಮಾರು ಒಂದು ಇಂಚು ಬಿದ್ದರೆ ಎಂಟು ಹತ್ತು ದಿನಗಳಲ್ಲಿ ಮೊಗ್ಗು ಅರಳುತ್ತದೆ, ಬಳಿಕ ಇನ್ನೊಂದು ಮಳೆ ಬಂದರೆ ಕಾಯಿ ನಿಲ್ಲುತ್ತದೆ. ಇಲ್ಲಿ ಕಾಲದ ಹೆಸರಿನಷ್ಟೇ ಮಳೆಯ ಪ್ರಮಾಣವೂ ಮುಖ್ಯವಾದುದರಿಂದ, ತೋಟಗಳಲ್ಲಿ ಮಳೆಮಾಪನದ ದಾಖಲೆ ರೂಢಿಗೆ ಬಂದಿತು.

ಆದರೂ ನಕ್ಷತ್ರದ ಲೆಕ್ಕವು ಋತುವಿಗೆ ಶಾಶ್ವತವಾಗಿ ಕಟ್ಟಿಹಾಕಿದ್ದಲ್ಲ. ನಕ್ಷತ್ರಗಳನ್ನು ನೆಲೆಯಾಗಿಟ್ಟುಕೊಂಡ ನಿರಯನ ವರ್ಷವು ಋತುವರ್ಷಕ್ಕಿಂತ ಸುಮಾರು 20 ನಿಮಿಷ ದೀರ್ಘವಾದುದರಿಂದ, ಸಾವಿರ ವರ್ಷಗಳಲ್ಲಿ ಹೆಚ್ಚುಕಡಿಮೆ ಒಂದು ನಕ್ಷತ್ರದಷ್ಟು ವ್ಯತ್ಯಾಸವಾಗುತ್ತದೆ. ಈ ಲೆಕ್ಕವನ್ನು ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಊರಿನಲ್ಲಿ ಹೊಯ್ಸಳರು ತಲೆಯೆತ್ತಿದ ಕಾಲಕ್ಕೆ ಒಯ್ದರೆ, ಇಂದು ಮೃಗಶಿರದಲ್ಲಿ ಬರುವ ಮುಂಗಾರು ಅಂದು ಆರಿದ್ರೆಯ ಪಾಲಿನದಾಗಿತ್ತು. ಮಳೆನಕ್ಷತ್ರಗಳ ಗಾದೆಗಳನ್ನು ಕಾಲಾತೀತ ಸತ್ಯಗಳೆಂದು ಭಾವಿಸದೆ, ಕೆಲವು ಶತಮಾನಗಳ ಅನುಭವದ ದಾಖಲೆಗಳೆಂದು ಓದುವುದು ಹೆಚ್ಚು ಸಮಂಜಸ.