ಸೇಡಿನ ನಾಯಕಿ (ಕನ್ನಡ ಚಿತ್ರರಂಗ)

ಅನ್ಯಾಯಕ್ಕೊಳಗಾದ ಹೆಣ್ಣು ಕಾನೂನಿನ ದಾರಿ ಕಾಯದೆ ತಾನೇ ಆಯುಧ ಹಿಡಿದು ಸೇಡು ತೀರಿಸಿಕೊಳ್ಳುವ ಕಥೆಯ ಚಿತ್ರಗಳು ಈ ಬಗೆಗೆ ಸೇರುತ್ತವೆ. ಕನ್ನಡದಲ್ಲಿ ಇದರ ಚರಿತ್ರೆಯನ್ನು ನಟಿ ಮಾಲಾಶ್ರೀ ಅವರಿಂದ ಆರಂಭಿಸುವುದು ರೂಢಿ. ಈ ಲೆಕ್ಕದಲ್ಲಿ ಎರಡು ಕೊರತೆಗಳಿವೆ. ಖಾಕಿ ತೊಟ್ಟ ನಾಯಕಿಯನ್ನೂ ಸೇಡಿನ ನಾಯಕಿಯನ್ನೂ ಅದು ಒಂದೇ ಸಾಲಿಗೆ ಸೇರಿಸುತ್ತದೆ. ಕನ್ನಡ ನಾಡಿನ ಪ್ರೇಕ್ಷಕರು ತೆಲುಗಿನಲ್ಲಿ ಕಂಡದ್ದನ್ನು ಪೂರ್ತಿ ಬಿಟ್ಟುಬಿಡುತ್ತದೆ.

ಕತ್ತಿ ಹಿಡಿದ ಹೆಣ್ಣು ಕನ್ನಡ ತೆರೆಗೆ ಬಂದದ್ದು ಇತಿಹಾಸದ ಮೂಲಕ. ಬಿ.ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ'ದಲ್ಲಿ (1961) ಬಿ. ಸರೋಜಾದೇವಿ, ಪುಟ್ಟಣ್ಣ ಕಣಗಾಲರ 'ನಾಗರಹಾವು' (1972) ಚಿತ್ರದಲ್ಲಿ ಒನಕೆ ಓಬವ್ವನಾಗಿ ಜಯಂತಿ. ಇವರು ಹೋರಾಡಿದ್ದು ನಾಡಿಗಾಗಿ, ಕೋಟೆಗಾಗಿ; ಸ್ವಂತ ಸೇಡಿಗಲ್ಲ.

ಅದೇ ಹೊತ್ತಿನ ಜಪಾನಿನಲ್ಲಿ ಸ್ಥಿತಿ ಬೇರೆಯಿತ್ತು. ಟಿವಿಯಿಂದಾಗಿ ಪ್ರೇಕ್ಷಕರನ್ನು ಕಳೆದುಕೊಂಡ ಸ್ಟುಡಿಯೋಗಳು ಪುಂಡ ಹುಡುಗಿಯರ ಗ್ಯಾಂಗುಗಳ ಕಥೆಗೆ ಕೈಹಾಕಿದವು. ನಿಕ್ಕಾತ್ಸು ಸಂಸ್ಥೆಯ 'ಸ್ಟ್ರೇ ಕ್ಯಾಟ್ ರಾಕ್' ಸರಣಿ 1970ರಲ್ಲಿ ಆರಂಭವಾಯಿತು. ಅದರ ನಟಿ ಮೇಯ್ಕೊ ಕಾಜಿ ಮುಂದೆ 'ಲೇಡಿ ಸ್ನೋಬ್ಲಡ್' (1973) ಚಿತ್ರದಿಂದ ಜಗತ್ತಿಗೆ ಪರಿಚಿತರಾದರು. ಅದೇ 1970ರಲ್ಲಿ ತೆಲುಗಿನಲ್ಲಿ ಕೆ.ಎಸ್.ಆರ್. ದಾಸ್ ನಿರ್ದೇಶನದ 'ರೌಡಿ ರಾಣಿ' ಬಂತು, ವಿಜಯಲಲಿತಾ ನಾಯಕಿ. ಇದೇ ದಾಸ್ 1975ರಲ್ಲಿ 'ಕಳ್ಳ ಕುಳ್ಳ' ನಿರ್ದೇಶಿಸಿ ಕನ್ನಡದಲ್ಲೂ ನೆಲೆಯೂರಿದರು. ಆದರೆ ಇಲ್ಲಿ ಅವರ ಕೈಗೆ ಸಿಕ್ಕದ್ದು ವಿಷ್ಣುವರ್ಧನ್, ದ್ವಾರಕೀಶ್ ಜೋಡಿ. ರಾಣಿಯ ಬಂದೂಕು ತೆಲುಗಿನಲ್ಲೇ ಉಳಿಯಿತು.

ಗಡಿ ಜಿಲ್ಲೆಗಳ ಪಾತ್ರ ಮುಖ್ಯವಾಗುವುದು ಇಲ್ಲಿಯೇ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು, ಗಂಗಾವತಿ ಸೀಮೆಯಲ್ಲಿ ಆಂಧ್ರದ ರೈತರ ಕ್ಯಾಂಪುಗಳು ಎದ್ದವು. ಈ ಸೀಮೆಯಲ್ಲಿ ತೆಲುಗು ಚಿತ್ರಗಳಿಗೆ ಅನುವಾದ ಬೇಕಿರಲಿಲ್ಲ. 1960ರ ದಶಕದಿಂದ ಕನ್ನಡಕ್ಕೆ ಡಬ್ಬಿಂಗ್ ಅನ್ನು ಚಿತ್ರರಂಗವೇ ತಡೆದಿತ್ತು. ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ನೀಡಿದ್ದು 2015ರಲ್ಲಿ. ಹಾಗಾಗಿ ತೆಲುಗಿನ ಸೇಡಿನ ನಾಯಕಿ ವಿಜಯಶಾಂತಿಯನ್ನು ನೋಡಬೇಕೆಂದವರು ತೆಲುಗಿನಲ್ಲೇ ನೋಡಬೇಕಿತ್ತು.

ವಿಜಯಶಾಂತಿ ನಾಯಕಿಯಾದ, ಟಿ. ಕೃಷ್ಣ ಅವರ 'ಪ್ರತಿಘಟನ' (1985) ಈ ಬಗೆಯ ಮಾದರಿ ಚಿತ್ರ. ಕಾಲೇಜು ಅಧ್ಯಾಪಕಿ ಝಾನ್ಸಿ ಒಂದು ಕೊಲೆಗೆ ಸಾಕ್ಷಿ ಹೇಳಲು ಮುಂದಾದಾಗ ರೌಡಿ ಕಾಳಿ ನಡುಬೀದಿಯಲ್ಲಿ ಅವಳ ಸೀರೆ ಸೆಳೆಯುತ್ತಾನೆ. ಕೊನೆಯಲ್ಲಿ ತುಂಬಿದ ಸಭೆಯ ವೇದಿಕೆಯ ಮೇಲೆಯೇ ಅವಳು ಅವನನ್ನು ಕೊಡಲಿಯಿಂದ ಕಡಿಯುತ್ತಾಳೆ. ಕಾಳಿಯಾಗಿ ನಟಿಸಿದವರು ಕನ್ನಡದಲ್ಲೇ ವೃತ್ತಿ ಆರಂಭಿಸಿದ ಚರಣ್‌ರಾಜ್. ದಾಸರಿ ನಾರಾಯಣ ರಾವ್ ಅವರ 'ಒಸೇಯ್ ರಾಮುಲಮ್ಮ' (1997) ಇದೇ ಸಿಟ್ಟನ್ನು ಜಮೀನ್ದಾರ ದೊರೆಯ 'ಗಡಿ'ಯೊಳಕ್ಕೂ (ಕೋಟೆಯಂಥ ಮನೆಯೊಳಕ್ಕೂ) ಕೊಂಡೊಯ್ದಿತು.

ಕನ್ನಡಕ್ಕೆ ಮರಳಿದರೆ, ಮಾಲಾಶ್ರೀ ಅವರ 'ನಂಜುಂಡಿ ಕಲ್ಯಾಣ' (1989) ಗಯ್ಯಾಳಿ ಹೆಂಡತಿಯನ್ನು ಪಳಗಿಸುವ ಕಥೆ, ಆಕ್ಷನ್ ಚಿತ್ರವಲ್ಲ. ಪಿ. ರವಿಶಂಕರ್ ನಿರ್ದೇಶನದ 'ದುರ್ಗಿ' (2004) ನಿಜವಾದ ತಿರುವು. ಹೆಣ್ಣೊಬ್ಬಳ ಹೊಡೆದಾಟವನ್ನೇ ನಂಬಿ ಕನ್ನಡದಲ್ಲಿ ಬಂಡವಾಳ ಹೂಡಬಹುದೆಂದು ಅದು ತೋರಿಸಿತು. ನಂತರದ 'ಕನ್ನಡದ ಕಿರಣ್ ಬೇಡಿ' (2009) ಪೊಲೀಸ್ ಕಥೆ. ಅಲ್ಲಿ ನಾಯಕಿಯ ಸಿಟ್ಟಿಗೆ ಸರ್ಕಾರದ ಮೊಹರಿದೆ, ಆದ್ದರಿಂದ ಬೇರೆಯಾಗಿಯೇ ಎಣಿಸಬೇಕು. ಪೂಜಾ ಗಾಂಧಿ ನಟಿಸಿದ 'ದಂಡುಪಾಳ್ಯ'ವನ್ನೂ (2012) ಕೆಲವರು ಇಲ್ಲಿಗೆ ಸೇರಿಸುತ್ತಾರೆ. ಅದು ದರೋಡೆಕೋರರ ಚಿತ್ರ, ಅಲ್ಲಿ ಸೇಡಿನ ಮಾತಿಲ್ಲ.

ಗುಂಪುಗೂಡಿ ತಿರುಗಿಬೀಳುವ ಹುಡುಗಿಯರ ಕಥೆ ಕನ್ನಡದಲ್ಲಿ ತೀರಾ ವಿರಳ. ಶ್ರುತಿ ಹರಿಹರನ್, ಶ್ರದ್ಧಾ ಶ್ರೀನಾಥ್, ಶ್ವೇತಾ ಪಂಡಿತ್ ಮೂವರೂ ನಾಯಕಿಯರಾದ 'ಉರ್ವಿ' (2017) ಅದಕ್ಕೆ ಅತಿ ಹತ್ತಿರದ ಉದಾಹರಣೆ.