ಮನೆಗೆಲಸದವರ ಸಮವಸ್ತ್ರ

ಸಮವಸ್ತ್ರವೆಂದೊಡನೆ ನಮಗೆ ನೆನಪಾಗುವುದು ಶಾಲೆ. ಬಡವ ಬಲ್ಲಿದರ ಮಕ್ಕಳು ಒಂದೇ ಬಗೆಯ ಬಟ್ಟೆ ತೊಟ್ಟು ಪ್ರಾರ್ಥನೆಗೆ ನಿಂತಾಗ ಭೇದ ಮರೆಯಾಗಲಿ ಎಂಬುದು ಅದರ ಆಶಯವೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಆದರೆ ಭೇದವನ್ನು ಎತ್ತಿ ತೋರಿಸಲೆಂದೇ ರೂಢಿಗೆ ಬಂದ ಸಮವಸ್ತ್ರವೂ ಒಂದುಂಟು. ಅದು ಇಂಗ್ಲೆಂಡಿನ ಮನೆಗೆಲಸದ ಹೆಣ್ಣುಮಕ್ಕಳದು.

18ನೆಯ ಶತಮಾನದಲ್ಲಿ ಅಲ್ಲಿನ ಸಿರಿವಂತರ ಮನೆಯ ಗಂಡಾಳುಗಳಿಗೆ ಜರಿಯಂಚಿನ ವಿಶೇಷ ಉಡುಪಿತ್ತು. ಅದನ್ನು ಒಡೆಯನೇ ಕೊಡಿಸುತ್ತಿದ್ದ. ಅದು ಅವನ ಅಂತಸ್ತಿನ ಪ್ರದರ್ಶನವೂ ಆಗಿತ್ತು. ಹೆಣ್ಣಾಳುಗಳಿಗೆ ಅಂಥ ಉಡುಪಿರಲಿಲ್ಲ. ಒಡತಿ ತೊಟ್ಟು ಬಿಟ್ಟ ಬಟ್ಟೆಗಳು ಎಷ್ಟೋ ಸಲ ಅವರ ಪಾಲಿಗೆ ಬರುತ್ತಿದ್ದವು. ‘ರಾಬಿನ್ಸನ್ ಕ್ರೂಸೋ’ ಬರೆದ ಡೇನಿಯಲ್ ಡೀಫೋ 1725ರಲ್ಲಿ ಗುಪ್ತನಾಮದಿಂದ ಪ್ರಕಟಿಸಿದ ಕಿರುಹೊತ್ತಗೆಯೊಂದರಲ್ಲಿ ಇದನ್ನೇ ದೂರಿದ್ದಾನೆ. ಗೆಳೆಯನ ಮನೆಯಲ್ಲಿ ಅಂದಿನ ಪದ್ಧತಿಯಂತೆ ಮಹಿಳೆಯರಿಗೆ ಮುತ್ತಿಟ್ಟು ವಂದಿಸುವಾಗ, ಚೆನ್ನಾಗಿ ಉಡುಪು ತೊಟ್ಟಿದ್ದ ಕೆಲಸದಾಕೆಗೂ ಮುತ್ತಿಟ್ಟು ನಾಚಿದನಂತೆ! ಹೆಣ್ಣಾಳುಗಳಿಗೂ ಗುರುತಿನ ಉಡುಪಿರಲಿ ಎಂಬುದು ಅವನ ವಾದ.

19ನೆಯ ಶತಮಾನದ ಉತ್ತರಾರ್ಧದಲ್ಲಿ ಅದು ಕಾರ್ಯರೂಪಕ್ಕೆ ಬಂದಿತು. ಗಿರಣಿಗಳಿಂದ ಹತ್ತಿಬಟ್ಟೆ ಅಗ್ಗವಾಗಿ, ಬಡಹುಡುಗಿಯೂ ಅಂದವಾಗಿ ತೊಡುವಂತಾದಾಗ ಅಂತರವನ್ನು ಬೇರೆ ಬಗೆಯಲ್ಲಿ ಕಾಯಬೇಕಾಯಿತು. ಬೆಳಗ್ಗೆ ಬೂದಿ ತೆಗೆದು ನೆಲ ತಿಕ್ಕುವಾಗ ಚೀಟಿಬಟ್ಟೆಯ ಉಡುಪು; ಮಧ್ಯಾಹ್ನ ಅತಿಥಿಗಳು ಬರುವ ಹೊತ್ತಿಗೆ ಕಪ್ಪು ಉಡುಪು, ಬಿಳಿ ಏಪ್ರನ್, ಬಿಳಿ ಟೋಪಿ. ಶುಚಿತ್ವವೊಂದೇ ಉದ್ದೇಶವಾಗಿದ್ದರೆ ಕೊಳೆ ಕೆಲಸವೆಲ್ಲ ಮುಗಿದ ಮೇಲೆ ಈ ವೇಷವೇಕೆ?

ನನ್ನನ್ನು ಹೆಚ್ಚು ಕಾಡುವುದು ವೆಚ್ಚದ ಸಂಗತಿ. ಗಂಡಾಳಿನ ಉಡುಪು ಒಡೆಯನ ಖರ್ಚು. ಹುಡುಗಿಯಾದರೋ ಸಾಮಾನ್ಯವಾಗಿ ತನ್ನದನ್ನು ತಾನೇ ಹೊಂದಿಸಿಕೊಳ್ಳಬೇಕಿತ್ತು. ಎಳೆಯ ವಯಸ್ಸಿನಲ್ಲೇ ಸಣ್ಣ ಮನೆಗಳಲ್ಲಿ ದುಡಿದು, ಬಟ್ಟೆಗೆಂದು ಕಾಸು ಕೂಡಿಟ್ಟು, ಬಳಿಕವೇ ದೊಡ್ಡ ಮನೆಯ ಕೆಲಸಕ್ಕೆ ಹೋಗುವುದು ಹಲವರ ಪಾಡಾಗಿತ್ತು. ಕ್ರಿಸ್‌ಮಸ್ ಉಡುಗೊರೆಯೆಂದು ಒಡತಿ ಕೊಡುತ್ತಿದ್ದುದೂ ಎಷ್ಟೋ ಕಡೆ ಸಮವಸ್ತ್ರದ ಬಟ್ಟೆಯೇ! 1914-18ರ ಯುದ್ಧಕಾಲದಲ್ಲಿ ಕಾರ್ಖಾನೆಗಳು ಹೆಣ್ಣುಮಕ್ಕಳನ್ನು ಕರೆದಾಗ ಅನೇಕರು ಆ ಟೋಪಿಯನ್ನು ಕಳಚಿಟ್ಟು ಹೊರಟರು.

ನಮ್ಮ ದೇಶದಲ್ಲೂ ಆಂಗ್ಲರ ಬಂಗಲೆಗಳ ಸೇವಕರು ಬಿಳಿ ಉಡುಪು, ಪೇಟ, ನಡುಪಟ್ಟಿಗಳಲ್ಲಿ ನಿಲ್ಲುತ್ತಿದ್ದರು. ನಮ್ಮ ಮನೆಗಳಲ್ಲಿ ಸಮವಸ್ತ್ರವಿರಲಿಲ್ಲ, ನಿಜ. ಆದರೆ ಉಟ್ಟು ಹಳತಾದ ಸೀರೆಯನ್ನು ಕೊಟ್ಟು ನಾವು ತೃಪ್ತರಾಗುತ್ತಿದ್ದೆವು. ಅದೂ ಒಂದು ಗುರುತೇ ಅಲ್ಲವೇ?

ನಿಮ್ಮಲ್ಲಿ ಹಲವರು ಇಂದು ಮನೆಗೆಲಸಕ್ಕೆ ಜನರನ್ನು ಇಟ್ಟುಕೊಂಡಿದ್ದೀರಿ. ಉಡುಪಿನ ನಿಯಮ ಮಾಡುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಿ: ಅದು ಯಾರ ಅನುಕೂಲಕ್ಕೆ? ಅದಕ್ಕೆ ಹಣ ಕೊಡುವವರು ಯಾರು?