ಬರ, ನಾಲೆ, ಮಕ್ಕಳ ಊಟ: ಮದ್ದೂರು ಸೀಮೆಯ ಚರಿತ್ರೆ

1876ರಲ್ಲಿ ಮಳೆ ಕೈಕೊಟ್ಟು ಮೈಸೂರು ಸಂಸ್ಥಾನವನ್ನು ಆವರಿಸಿದ ಕ್ಷಾಮವನ್ನು ಜನ ಸಂವತ್ಸರಗಳ ಹೆಸರಿನಿಂದಲೇ ಧಾತು-ಈಶ್ವರ ಬರ ಎಂದು ಕರೆದರು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಶಿಂಷಾ ದಡದ ಮದ್ದೂರು ಆಗಿನ್ನೂ ಕಾವೇರಿ ನಾಲೆ ಕಾಣದ, ಕೆರೆಯನ್ನೂ ಮಳೆಯನ್ನೂ ನಂಬಿದ ಸೀಮೆ.

ಪರಿಹಾರದ ನಿಯಮ ಸರಳವಾಗಿತ್ತು: ದುಡಿಯಬಲ್ಲವರಿಗೆ ಕೂಲಿ, ಆಗದವರಿಗೆ ಗಂಜಿ. ಮದ್ದೂರಿನ ಮೇಲೆ ಹಾದುಹೋಗುವ ಬೆಂಗಳೂರು–ಮೈಸೂರು ರೈಲುಮಾರ್ಗ ಶುರುವಾದದ್ದೇ ಇಂಥ ಕ್ಷಾಮ ಕಾಮಗಾರಿಯಾಗಿ. ಮಣ್ಣು ಹೊರುವ ಮಕ್ಕಳಿಗೆ ದೊಡ್ಡವರಿಗಿಂತ ಕಡಿಮೆ ಕೂಲಿ. ಹೊರಲಾಗದ ಕೂಸುಗಳು ತಾಯಿ ತಂದ ಕಾಳನ್ನೇ ನೆಚ್ಚಿಕೊಂಡಿರಬೇಕು. ಮಗುವಿನ ತುತ್ತನ್ನು ಹೀಗೆ ಹೆತ್ತವರ ತೋಳ್ಬಲಕ್ಕೆ ಕಟ್ಟಿಹಾಕಿದ್ದೇ ಆ ಏರ್ಪಾಟಿನ ದೊಡ್ಡ ದೋಷ. ಅಪ್ಪ ಜ್ವರ ಬಂದು ಮಲಗಿದರೆ ಮನೆಯ ಅಷ್ಟೂ ಮಕ್ಕಳು ಉಪವಾಸ. ಗಂಜಿ ಮನೆಗಳು ದೂರದಲ್ಲಿದ್ದವು. ನಡೆದು ಬರಲು ತ್ರಾಣವಿಲ್ಲದ ಮಗುವಿಗೆ ಅವು ಇದ್ದೂ ಇಲ್ಲದಂತೆ. ಕಂಡವರು ಬೇಯಿಸಿದ್ದನ್ನು ಉಂಡರೆ ಜಾತಿ ಕೆಡುತ್ತದೆಂಬ ಅಂಜಿಕೆಯೂ ಅನೇಕರನ್ನು ತಡೆಯಿತು. ಅನಾಥರಾದ ಮಕ್ಕಳಲ್ಲಿ ಕೆಲವರನ್ನು ವೆಸ್ಲಿಯನ್ ಮಿಷನ್ ಹಾಸನ, ತುಮಕೂರಿನ ಅನಾಥಾಲಯಗಳಲ್ಲಿ ಸಾಕಿತು.

ಮೈಸೂರಿನ ಕ್ಷಾಮ ಕಮಿಷನರ್ ಆಗಿದ್ದ ಚಾರ್ಲ್ಸ್ ಎಲಿಯಟ್ ಮುಂದೆ ಭಾರತದ ಕ್ಷಾಮ ಆಯೋಗದ ಕಾರ್ಯದರ್ಶಿಯಾದರು. ಆ ಆಯೋಗದ 1880ರ ವರದಿಯಿಂದ ಕ್ಷಾಮ ಸಂಹಿತೆಗಳು ಹುಟ್ಟಿದವು. ಬರ ಬಂದ ಮೇಲೆ ಪರದಾಡುವುದಲ್ಲ, ಯಾರಿಗೆ ಏನು ಕೊಡಬೇಕೆಂದು ಮೊದಲೇ ಬರೆದಿಡಬೇಕು ಎಂಬ ವಿಚಾರಕ್ಕೆ ಅಲ್ಲಿ ರೂಪ ಬಂತು. ಕೆಲಸ ಮಾಡಲಾಗದ ಅವಲಂಬಿತ ಮಕ್ಕಳೂ ಆ ಲೆಕ್ಕದೊಳಗೆ ಸೇರಿದರು.

1911ರಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಲು ಆರಂಭಿಸಿದ ಕನ್ನಂಬಾಡಿ ಕಟ್ಟೆಯ ನೀರು 1930ರ ದಶಕದಲ್ಲಿ ಇರ್ವಿನ್ ನಾಲೆಯಲ್ಲಿ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಹರಿದು ಬಂದಾಗ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹೊಲಗಳು ಗದ್ದೆಗಳಾದವು. ಆದರೆ ನಾಲೆ ತಲುಪದ ಊರುಗಳೂ ಉಳಿದವು, ಕಟ್ಟೆ ತುಂಬದ ವರ್ಷಗಳೂ ಬಂದವು.

ಮಕ್ಕಳ ಊಟದ ವಿಷಯದಲ್ಲಿ ನಿಜವಾದ ತಿರುವು 1975ರ ಅಕ್ಟೋಬರ್ 2ರದು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ ಮಳವಳ್ಳಿಯ ನೆರೆಯ ಟಿ. ನರಸೀಪುರದಲ್ಲಿ 100 ಅಂಗನವಾಡಿಗಳೊಂದಿಗೆ ಶುರುವಾಯಿತು. ಇಲ್ಲಿ ಊಟಕ್ಕೆ ಬರ ಘೋಷಣೆಯಾಗಬೇಕಿಲ್ಲ, ಹೆತ್ತವರು ಮಣ್ಣು ಹೊರಬೇಕಿಲ್ಲ. ಕಾರ್ಯಕರ್ತೆ ಮಗುವನ್ನು ತೂಗಿ, ಬೆಳವಣಿಗೆಯ ಪಟ್ಟಿಯಲ್ಲಿ ಚುಕ್ಕೆ ಇಡುತ್ತಾರೆ. ಗೆರೆ ಕೆಳಗೆ ಬಾಗಿದರೆ ಊರಿನ ಕಷ್ಟ ಅಲ್ಲೇ ಮೊದಲು ಗೊತ್ತಾಗುತ್ತದೆ. ಶಾಲೆಯ ಮಕ್ಕಳಿಗೆ 2002ರಿಂದ ಹಂತಹಂತವಾಗಿ ಅಕ್ಷರ ದಾಸೋಹದ ಬಿಸಿಯೂಟ ಬಂತು. 2013ರಲ್ಲಿ ಕ್ಷೀರಭಾಗ್ಯದ ಹಾಲು. ಮಂಡ್ಯ ಹಾಲು ಒಕ್ಕೂಟದ ಡೇರಿ ಇರುವುದೂ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ.

ಬೇಸಿಗೆ ರಜೆ ಮಾತ್ರ ಕೊರತೆಯಾಗಿಯೇ ಉಳಿದಿತ್ತು. ಬರದ ವರ್ಷದಲ್ಲಿ ಮನೆಯ ಕಾಳು ತೀರುವ ತಿಂಗಳುಗಳಲ್ಲೇ ಶಾಲೆಯ ಒಲೆಯೂ ಆರುತ್ತಿತ್ತು. ಸ್ವರಾಜ್ ಅಭಿಯಾನ ಎಂಬ ಸಂಘಟನೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2016ರ ಮೇ ತಿಂಗಳಲ್ಲಿ ಬರಪೀಡಿತ ಪ್ರದೇಶಗಳಲ್ಲಿ ರಜೆಯಲ್ಲೂ ಬಿಸಿಯೂಟ ನಡೆಯಬೇಕೆಂದು ಆದೇಶಿಸಿತು. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಊಟದ ಬದಲು ಅಕ್ಕಿ, ಬೇಳೆ ಮಕ್ಕಳ ಮನೆ ಸೇರಿದವು.

ಹಸಿವಿನ ವಿಷಯದಲ್ಲಿ ಇಷ್ಟು ಕಲಿತ ಮಂಡ್ಯ ಜಿಲ್ಲೆ ನಾಲೆಯ ನೀರಿನ ಅಪಾಯದ ಬಗ್ಗೆ ಕಲಿತದ್ದು ತಡವಾಗಿ, ತುಂಬ ದೊಡ್ಡ ಬೆಲೆ ತೆತ್ತು. 2018ರ ನವೆಂಬರ್ 24ರ ಶನಿವಾರ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು. ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ನಾಲೆಯ ಏರಿಯ ರಸ್ತೆಗಳಿಗೆ ತಡೆಗೋಡೆ ಬೇಕೆಂಬ ಕೂಗು ಬಲವಾದದ್ದು ಆಮೇಲೆ.